ಗಾಡಿ ಘಾಟ್ ಇಳಿಯುವ ತನಕ

ಘಾಟ್ ಮೇಲಿರುವ ಚಾಲಕನಿಗೆ ಫೋನ್ ಮಾಡಿದರೆ ಮೂರೇ ಮೂರು ಮಾತು ಕೇಳಬೇಕು. ಎಲ್ಲಿದ್ದೀರಿ, ಬ್ರೇಕ್ ಹೇಗಿದೆ, ಮುಂದೆ ರಸ್ತೆ ಹೇಗಿದೆ. ನಾಲ್ಕನೆಯ ಮಾತು ಆಡಬಾರದು. ಮನೆಯ ಸುದ್ದಿಯನ್ನಂತೂ ಗಾಡಿ ಘಾಟ್ ಇಳಿದು ಸಪಾಟು ರಸ್ತೆಗೆ ಬರುವ ತನಕ ಬಾಯಿಗೆ ತರಲೇಬಾರದು. ಇದು ಯಾವ ಕಾನೂನಿನ ಪುಸ್ತಕದಲ್ಲೂ ಇಲ್ಲ. ಬೆಳಗಾವಿ ಪಕ್ಕದ ಪೀರನವಾಡಿಯ ನಮ್ಮ ಲಾರಿ ಯಾರ್ಡಿನಲ್ಲಿ ನಾವೇ ಮಾಡಿಕೊಂಡಿದ್ದ ನಿಯಮ. ನನಗೆ ಅದನ್ನು ಕಲಿಸಿದವರು ನಮ್ಮ ಹಿರಿಯ ಚಾಲಕರು. ಅದೇ ನಿಯಮವನ್ನು ನಾನು ಅವರ ವಿಷಯದಲ್ಲೇ ಪಾಲಿಸಿದ ಒಂದು ಶನಿವಾರದ ಬಗ್ಗೆ ಬರೆಯುತ್ತಿದ್ದೇನೆ. ಬರೆದರೆ ಹಗುರವಾಗುತ್ತದೆ ಎಂದು ಹೆಂಡತಿ ಹೇಳಿದಳು. ಆಗುತ್ತದೆಂದು ನನಗೇನೂ ಅನಿಸುತ್ತಿಲ್ಲ.

ನಮ್ಮದು ಚಿಕ್ಕ ಸಾಗಣೆ ಕಂಪನಿ. ಬೆಳಗಾವಿಯ ಫೌಂಡ್ರಿಗಳಲ್ಲಿ ಎರಕ ಹೊಯ್ದ ಪಂಪಿನ ಕವಚ, ವಾಲ್ವಿನ ಕವಚ ಇಂಥವನ್ನು ಕಂಟೇನರಿಗೆ ತುಂಬಿಸಿ ಖಾನಾಪುರ, ಲೋಂಡಾ, ಅನಮೋಡ ದಾರಿಯಾಗಿ ಘಾಟ್ ಇಳಿಸಿ ಗೋವಾದ ಬಂದರಿಗೆ ಮುಟ್ಟಿಸುವುದು ಕೆಲಸ. ಅಲ್ಲಿಂದ ಮುಂದೆ ಹಡಗು ಎಲ್ಲಿಗೆ ಹೋಗುತ್ತದೋ ಕಾಗದದಲ್ಲಿ ಓದಿ ಗೊತ್ತೇ ಹೊರತು ನಾನಂತೂ ಕಂಡವನಲ್ಲ. ನನ್ನ ಲೋಕ ಬೆಳಗಾವಿಯಿಂದ ಬಂದರಿನ ಗೇಟಿನವರೆಗೆ. ಯಾವ ಗಾಡಿ ಯಾವಾಗ ಹೊರಡಬೇಕು, ಯಾರು ಓಡಿಸಬೇಕು, ಎಷ್ಟು ಹೊತ್ತಿಗೆ ಗೇಟ್ ದಾಟಬೇಕು ಎಂದು ನೋಡಿಕೊಳ್ಳುವವನು ನಾನು. ಗಡಿಯಾರದ ಜೊತೆ ಜಗಳ ಆಡುವ ಕೆಲಸ. ಹದಿನೈದು ನಿಮಿಷ ತಡವಾದರೆ ನಾನು ಯಾರ ಮೇಲಾದರೂ ಹರಿಹಾಯುತ್ತೇನೆ ಎಂಬುದು ಯಾರ್ಡಿಗೆಲ್ಲ ಗೊತ್ತಿತ್ತು.

ಆ ಹಿರಿಯ ಚಾಲಕರನ್ನು ಎಲ್ಲರೂ ದಾದಾ ಎನ್ನುತ್ತಿದ್ದರು. ದೂರದ ಊರಿನವರಿಗೆ ಆ ಪದ ಕೇಳಿದರೆ ಮೀಸೆ ತಿರುವುವ ಗೂಂಡಾ ನೆನಪಾಗಬಹುದು. ನಮ್ಮಲ್ಲಿ ಅಣ್ಣ ಎಂದಷ್ಟೇ. ಖಾನಾಪುರದ ಹತ್ತಿರದ ಹಳ್ಳಿಯವರು, ಸಣಕಲು ಆಳು, ಹಣೆಗೆ ಮೂರು ಬೆರಳಿನ ವಿಭೂತಿ. ಕನ್ನಡದಲ್ಲಿ ಶುರು ಮಾಡಿದ ಬೈಗುಳವನ್ನು ಮರಾಠಿಯಲ್ಲಿ ಮುಗಿಸುತ್ತಿದ್ದರು. ಇಪ್ಪತ್ತು ವರ್ಷಗಳ ಕೆಳಗೆ ಅವರ ಗೆಳೆಯನೊಬ್ಬ ಘಾಟಿನ ತಿರುವಿನಲ್ಲಿದ್ದಾಗ ಆಫೀಸಿನಿಂದ ಯಾರೋ ಫೋನ್ ಮಾಡಿ, ನಿಮ್ಮಪ್ಪ ಹೋದರು ಎಂದಿದ್ದರಂತೆ. ಗೆಳೆಯ ಆ ತಿರುವು ತಿರುಗಿಸಲೇ ಇಲ್ಲ. ಹಿಂದಿನ ಗಾಡಿಯಲ್ಲಿದ್ದ ದಾದಾ ಅದನ್ನು ಕಣ್ಣಾರೆ ಕಂಡಿದ್ದರು. ನಾನು ಕೆಲಸಕ್ಕೆ ಸೇರಿದ ಮೊದಲ ವಾರವೇ ನನ್ನ ಮೇಜಿನ ಎದುರು ಕುಳಿತು ಮೂರು ಪ್ರಶ್ನೆಗಳನ್ನು ಬಾಯಿಪಾಠ ಮಾಡಿಸಿದರು.

"ನಾಕನೇದ್ದು ಕೇಳಿದ್ರ ನಾ ಫೋನ್ ಇಟ್ಟಬಿಡ್ತೀನಿ ಸಾಹೇಬ್ರ," ಎಂದಿದ್ದರು. "ನನ್ನ ಮನಿ ಸುಟ್ಟ ಹೋದ್ರೂ ಘಾಟ್ ಇಳದ ಮ್ಯಾಲ ಹೇಳ್ರಿ."

ಅವರ ಮನೆಯಲ್ಲೂ ಇದೇ ಕಟ್ಟುನಿಟ್ಟು. ಗಾಡಿ ಮೇಲಿದ್ದಾಗ ಹೆಂಡತಿ, ಮಗಳು ಯಾರೂ ಅವರಿಗೆ ಫೋನ್ ಮಾಡುವಂತಿಲ್ಲ. ಹಾಗಾಗಿ ಅವರ ಹೆಂಡತಿ ನನಗೆ ಫೋನ್ ಮಾಡುತ್ತಿದ್ದರು. ಅವರನ್ನು ನಾನು ವೈನಿ, ಅಂದರೆ ಅತ್ತಿಗೆ, ಎನ್ನುತ್ತಿದ್ದೆ. ವರ್ಷವಿಡೀ ಮಾಡುತ್ತಿರಲಿಲ್ಲ, ಮಳೆಗಾಲದಲ್ಲಿ ಮಾತ್ರ, ಅದೂ ಕೆಲವೊಂದು ದಿನ. ಕ್ಷೇಮ ಸಮಾಚಾರ ಏನೂ ಇಲ್ಲ, ಒಂದೇ ಪ್ರಶ್ನೆ.

"ತಮ್ಮಾ, ಗಾಡಿ ಘಾಟ್ ಇಳೀತೇನಪಾ?"

ನಾನು ನೋಡಿ ಹೇಳುತ್ತಿದ್ದೆ. ಇಳಿದಿದ್ದರೆ ಇಳಿಯಿತು, ಇಲ್ಲದಿದ್ದರೆ ಇನ್ನೂ ಇಲ್ಲ. "ಚಲೋ ಆತು ಬಿಡು. ನಾ ಕೇಳೀನಂತ ಅವರಿಗೆ ಹೇಳಬ್ಯಾಡ ಮತ್ತ, ಸಿಟ್ಟ ಮಾಡ್ತಾರ," ಎಂದು ಇಟ್ಟುಬಿಡುತ್ತಿದ್ದರು. ನಾನೂ ಯಾವತ್ತೂ ಹೇಳಿರಲಿಲ್ಲ.

ವೈನಿಗೆ ಎರಡು ವರ್ಷದಿಂದ ಮೂತ್ರಪಿಂಡದ ತೊಂದರೆ. ವಾರಕ್ಕೆ ಎರಡು ಸಲ ಬೆಳಗಾವಿಯ ನೆಹರು ನಗರದ ದೊಡ್ಡ ಆಸ್ಪತ್ರೆಗೆ ಡಯಾಲಿಸಿಸ್‌ಗೆ ಬರಬೇಕಿತ್ತು. ಆ ಗುರುವಾರ ಜ್ವರ ಬಂದು ಅಲ್ಲಿಯೇ ಸೇರಿಸಿದರು. ಶುಕ್ರವಾರ ಜ್ವರ ಇಳಿಯಿತು, ಗಂಜಿ ಕುಡಿದರು. ಶಾಲೆಯಲ್ಲಿ ಪಾಠ ಹೇಳುವ ಮಗಳು ರಜೆ ಹಾಕಿ ಜೊತೆಗಿದ್ದಳು.

ಅದೇ ಶುಕ್ರವಾರ ಒಂದು ಫೌಂಡ್ರಿಯಲ್ಲಿ ನಾವು ಕಂಟೇನರ್ ತುಂಬಿಸುತ್ತಿದ್ದೆವು. ಪಂಪಿನ ಕವಚಗಳಿಗೆ ತುಕ್ಕು ಹಿಡಿಯದಂತೆ ಎಣ್ಣೆ ಸವರಿ, ಹಳದಿ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಮರದ ಮಣೆಯಂಥ ಪ್ಯಾಲೆಟ್‌ಗಳ ಮೇಲೆ ಬೆಲ್ಟ್ ಬಿಗಿದಿದ್ದರು. ಎರಕದ ಸಾಮಾನು ನೋಡಲು ಚಿಕ್ಕದು, ತೂಕದಲ್ಲಿ ರಾಕ್ಷಸ. ಕಂಟೇನರಿನ ಅರ್ಧ ಎತ್ತರಕ್ಕೂ ಬರುವುದಿಲ್ಲ, ಆಗಲೇ ತೂಕ ಮುಗಿದಿರುತ್ತದೆ. ಪ್ಯಾಲೆಟ್ ಒಂದು ಗೇಣು ಸರಿದರೂ ಘಾಟಿನ ತಿರುವಿನಲ್ಲಿ ಗಾಡಿ ಒಂದು ಕಡೆ ವಾಲುತ್ತದೆ. ಅದಕ್ಕೇ ಸಂದುಗಳಿಗೆಲ್ಲ ಮರದ ತುಂಡು ಬಡಿಸಿ, ಮೇಲೆ ತೇವ ಹೀರುವ ಚೀಲ ತೂಗುಹಾಕಿ, ಬಾಗಿಲು ಮುಚ್ಚಿ ಸೀಲ್ ಹಾಕಿದೆವು. ಆ ಸೀಲಿನ ನಂಬರು ರಫ್ತಿನ ಎಲ್ಲ ಕಾಗದಗಳಲ್ಲೂ ಇರುತ್ತದೆ. ಬಂದರಿನಲ್ಲಿ ಅದು ಒಡೆದಿದ್ದರೆ, ಕೆರೆದಿದ್ದರೂ ಸಾಕು, ಕಂಟೇನರನ್ನು ಬದಿಗೆ ನಿಲ್ಲಿಸುತ್ತಾರೆ. ಆದ್ದರಿಂದ ಸೀಲ್ ಹಾಕಿದ ಗಾಡಿಯನ್ನು ಚಾಲಕ ದಾರಿಯಲ್ಲಿ ಒಂಟಿಯಾಗಿ ಬಿಟ್ಟು ಹೋಗುವ ಹಾಗಿಲ್ಲ.

ಶನಿವಾರ ಸಂಜೆ ಆರರೊಳಗೆ ಗೇಟ್ ದಾಟಬೇಕಿತ್ತು. ತಪ್ಪಿದರೆ ಮುಂದಿನ ಹಡಗು ವಾರದ ಮೇಲೆ. ಗೇಟ್ ಪಾಸ್ ಚಾಲಕನ ಹೆಸರಿನಲ್ಲೇ ಬರುತ್ತದೆ. ಮಳೆಯಲ್ಲಿ ಅಷ್ಟು ಭಾರ ಇಳಿಸಬಲ್ಲ ನಮ್ಮ ಇನ್ನೊಬ್ಬ ಚಾಲಕ ಅಕ್ಕನ ಮನೆಯ ಮದುವೆಗೆ ಹೋಗಿದ್ದ. ಉಳಿದವರು ಪುಣೆ ಕಡೆಯ ನೇರ ರಸ್ತೆಯವರು.

ನಾನು ಆಸ್ಪತ್ರೆಗೆ ಹೋಗಿ ದಾದಾ ಅವರನ್ನು ಕೇಳಿದೆ. ಅವರೇ ಮುಂದೆ ಬಂದರು ಎಂದು ಬರೆಯಬಹುದಿತ್ತು. ಖರೇ ಎಂದರೆ ನಾನೇ ಕೇಳಿದೆ.

"ಡಾಕ್ಟರು ಚಲೋ ಅದಾಳಂದಾರ," ಎಂದರು ಅವರು. "ಮುಂಜಾನೆ ಹೊಂಟ್ರ ಮಧ್ಯಾಹ್ನಕ್ಕ ಗೇಟ್ ಒಳಗ ಹಾಕಿ, ಬಸ್ಸು ಹಿಡದ ಸಂಜಿಗೆ ಬಂದಬಿಡ್ತೀನಿ. ಏನಂತಿ?"

ಕೊನೆಯದು ಹೆಂಡತಿಗೆ ಕೇಳಿದ್ದು. ವೈನಿ ಮಂಚದ ಮೇಲೆ ಒರಗಿಕೊಂಡೇ, "ಇಲ್ಲೆ ಕುಂತ ನನ್ನ ಮಾರಿ ನೋಡಿ ಏನ ಮಾಡ್ತೀರಿ, ಹೋಗಿ ಬರ್ರಿ," ಎಂದು ನಕ್ಕರು. ಆಮೇಲೆ ನನ್ನ ಕಡೆ ತಿರುಗಿ, "ತಮ್ಮಾ, ಸಂಜಿಗೆ ಇವ್ರನ್ನ ಹೊಳ್ಳಿ ಕಳಸಬೇಕ ನೋಡಪಾ," ಎಂದರು. ಕಳಿಸುತ್ತೇನೆ ಎಂದೆ.

ಶನಿವಾರ ಬೆಳಿಗ್ಗೆ ಆರೂವರೆಗೆ ಗಾಡಿ ಹೊರಟಿತು. ಸಣ್ಣಗೆ ಮಳೆ ಹಿಡಿದಿತ್ತು. ಎಂಟು ಐವತ್ತಕ್ಕೆ ಮಗಳ ಫೋನ್ ಬಂತು.

"ಕಾಕಾ, ಅವ್ವಗ ಉಸರಾಡಾಕ ತ್ರಾಸ ಆಗಾಕತ್ತೈತಿ. ಬಿಪಿ ಇಳದೈತೆಂತ. ಐಸಿಯುಗೆ ಒಯ್ದಾರ. ಅಪ್ಪನ್ನ ಕರಸ್ರಿ ಅಂತಾರ ಡಾಕ್ಟರು. ನಾ ಅಪ್ಪಗ ಹಚ್ಚಲಿಲ್ಲ. ಗಾಡಿ ಮ್ಯಾಲ ಇದ್ದಾಗ ಹಚ್ಚಬ್ಯಾಡ ಅಂತ ಅವ್ವ ಈಗೂ ಹೇಳಿದ್ಲು. ನೀವ ಹೇಳ್ರಿ ಕಾಕಾ."

"ನಾ ನೋಡ್ಕೋತೀನಿ ಬಾಳಾ, ನೀ ಅವ್ವನ ಹತ್ರ ಇರು," ಎಂದೆ.

ಗೋಡೆಯ ಗಡಿಯಾರ ನೋಡಿದೆ. ಗಾಡಿ ಅನಮೋಡ ತಲುಪುವ ಹೊತ್ತು. ಅನಮೋಡ ಎಂದರೆ ಘಾಟಿನ ನೆತ್ತಿ. ಅಲ್ಲಿಯ ಚೆಕ್‌ಪೋಸ್ಟ್ ದಾಟಿದರೆ ಇಳಿಜಾರು ಶುರು. ಫೋನ್ ಮಾಡಿದೆ. ಒಂದೇ ಸಲಕ್ಕೆ ಎತ್ತಿದರು. ಹಿಂದೆ ಚಹಾದಂಗಡಿಯ ಸ್ಟೋವಿನ ಭರ್ರೋ ಸದ್ದು ಕೇಳುತ್ತಿತ್ತು.

"ಎಲ್ಲದೀರಿ ದಾದಾ?"

"ಚೆಕ್‌ಪೋಸ್ಟ್ ಬಾಜೂಕ. ಚಾ ಕುಡ್ಯಾಕತ್ತೀನಿ. ಈಗ ಇಳಸ್ತೀನಿ."

ಹೇಳಬಹುದಾಗಿದ್ದ ಗಳಿಗೆ ಇದು. ಗಾಡಿ ನಿಂತಿತ್ತು. ಅವರ ಕೈಯಲ್ಲಿ ಸ್ಟೀರಿಂಗ್ ಇರಲಿಲ್ಲ, ಚಹಾದ ಗ್ಲಾಸು ಇತ್ತು. ಅಲ್ಲಿಂದ ಯಾವುದಾದರೂ ಕಾರು ಹಿಡಿದಿದ್ದರೆ ಎರಡು ಗಂಟೆಯಲ್ಲಿ ಆಸ್ಪತ್ರೆ. ಆದರೆ ನನ್ನ ತಲೆ ಬೇರೆ ಲೆಕ್ಕ ಹಾಕಿತು. ಈಗ ಹೇಳಿದರೆ ಸೀಲ್ ಹಾಕಿದ ಗಾಡಿಯನ್ನು ಕಾಡಿನ ನಡುವೆ ಯಾರಿಗೆ ಒಪ್ಪಿಸುವುದು? ಅವರು ಬಿಟ್ಟು ಬರಲು ಒಪ್ಪದೆ, ಆ ಸುದ್ದಿ ತಲೆಯಲ್ಲಿಟ್ಟುಕೊಂಡೇ ಘಾಟ್ ಇಳಿಸಿದರೆ? ಇಳಿಯಲು ಮುಕ್ಕಾಲು ಗಂಟೆ ಸಾಕು. ಕೆಳಗೆ ಮೋಲೆಮ್‌ನಲ್ಲಿ ಕಾವಲಿರುವ ಜಾಗದಲ್ಲಿ ಗಾಡಿ ನಿಲ್ಲಿಸಬಹುದು. ಗೋವಾದ ನಮ್ಮ ಏಜೆಂಟ್ ಅಲ್ಲಿಗೆ ಒಬ್ಬ ಚಾಲಕನನ್ನೂ ಒಂದು ಕಾರನ್ನೂ ಕಳಿಸಿದರೆ, ದಾದಾ ಹತ್ತು ಗಂಟೆಗೆ ಅಲ್ಲಿಂದ ಹೊರಟು ಮಧ್ಯಾಹ್ನದೊಳಗೆ ಹೆಂಡತಿಯ ಹತ್ತಿರ ಇರುತ್ತಾರೆ. ನಿಯಮವೂ ಉಳಿಯುತ್ತದೆ, ಕಂಟೇನರೂ ಉಳಿಯುತ್ತದೆ. ಇಂದಿಗೂ ಆ ಲೆಕ್ಕದಲ್ಲಿ ತಪ್ಪು ಹುಡುಕಿದರೆ ಸಿಗುವುದಿಲ್ಲ. ಅದಕ್ಕೇ ನನಗೆ ಅದರ ಮೇಲೆ ಇಷ್ಟು ಸಿಟ್ಟು.

"ಏನ್ರೀ?" ಎಂದರು ದಾದಾ.

"ನಾಷ್ಟಾ ಆತೇನು ದಾದಾ?" ಎಂದೆ.

ಸ್ಟೋವಿನ ಸದ್ದು ಕೇಳುತ್ತಲೇ ಇತ್ತು. "ಆತ್ರೀ," ಎಂದರು. "ಇಳಸ್ತೀನಿ."

ನಾನು ತಕ್ಷಣ ಗೋವಾದ ಏಜೆಂಟನಿಗೆ ಫೋನ್ ಮಾಡಿದೆ. ಕಾರು, ಚಾಲಕ ಎರಡಕ್ಕೂ ಒಪ್ಪಿದ. ಹೊಸ ಚಾಲಕನ ಲೈಸೆನ್ಸ್ ಪ್ರತಿ ತರಿಸಿ, ಗೇಟ್ ಪಾಸಿನ ಹೆಸರು ಬದಲಿಸಲು ಅರ್ಜಿ ಕಳಿಸಿದೆ. ಶನಿವಾರ ಆ ಕಚೇರಿ ಮಧ್ಯಾಹ್ನ ಒಂದರ ತನಕ ಮಾತ್ರ. ಎಲ್ಲ ಚಕಚಕನೆ ಆಯಿತು. ಒಳ್ಳೆಯ ಕೆಲಸ ಮಾಡುತ್ತಿದ್ದೇನೆ ಎಂಬ ಹುಮ್ಮಸ್ಸು ಕೂಡ ಬಂದಿತ್ತು, ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ಒಂಬತ್ತೂವರೆಗೆ ದಾದಾ ಅವರೇ ಫೋನ್ ಮಾಡಿದರು. "ಸಾಹೇಬ್ರ, ಮುಂದ ಗುಡ್ಡ ಜರದೈತಿ. ಕೆಳಗ ಎರಡ ತಿರುವಿನ ಮ್ಯಾಲ ಮಣ್ಣು, ಗಿಡಾ ಎಲ್ಲಾ ರಸ್ತೇಕ ಬಂದಾವ. ಯಾರಿಗೂ ಏನೂ ಆಗಿಲ್ಲ. ನಾ ಟಾಯರ ಹಿಂದ ಮುಂದ ಕಲ್ಲ ಕೊಟ್ಟ ನಿಂತೀನಿ."

"ಎಷ್ಟೊತ್ತ ಆಗಬಹುದು?"

"ಕೆಳಗಿಂದ ಜೇಸಿಬಿ ಬರಾಕತ್ತೈತೆಂತ. ತಾಸಿನ್ಯಾಗ ತಗೀತೀವಿ ಅಂತಾರ ಪೊಲೀಸ್ರು."

ತಾಸು ಎಂದರೆ ತಾಸು ಎಂದುಕೊಂಡೆ. ಈಗಲೂ ಹೇಳಲಿಲ್ಲ. ಅವರು ಇನ್ನೂ ಆರೇಳು ತಿರುವು ಇಳಿಸಬೇಕಿತ್ತಲ್ಲ. ನಿಯಮ ನಿಯಮವೇ ಎಂದು ನನಗೆ ನಾನೇ ಹೇಳಿಕೊಂಡೆ. ಬರೆಯುವಾಗ ಮುಚ್ಚಿಡುವುದರಲ್ಲಿ ಅರ್ಥವಿಲ್ಲ: ಅಷ್ಟು ಹೊತ್ತಿಗೆ ಅದು ನಿಯಮವಾಗಿ ಉಳಿದಿರಲಿಲ್ಲ. ನನಗೆ ಹೇಳಲು ಧೈರ್ಯವಿರಲಿಲ್ಲ, ಮತ್ತು ಬಾಯಿ ಮುಚ್ಚಿಕೊಂಡಿರಲು ಒಂದು ಮರ್ಯಾದೆಯ ಕಾರಣ ಸಿಕ್ಕಿತ್ತು.

ಹತ್ತೂವರೆಗೆ ಜೇಸಿಬಿ ಬಂತು. ಅದು ಮಣ್ಣು ಎತ್ತುತ್ತಿದ್ದಂತೆ ಮೇಲಿನಿಂದ ಇನ್ನಷ್ಟು ಜಾರಿತು. ಮಳೆ ಜೋರಾಯಿತು. ಮೋಲೆಮ್‌ನಲ್ಲಿ ಕಾರು ಖಾಲಿ ನಿಂತಿತ್ತು. ಈ ನಡುವೆ ಫೌಂಡ್ರಿಯ ರಫ್ತು ಮ್ಯಾನೇಜರ್ ನಾಲ್ಕು ಸಲ ಫೋನ್ ಮಾಡಿದರು. ಪಾಪ, ಅವರ ತಪ್ಪೇನಿಲ್ಲ. ಹೊರದೇಶದ ಗಿರಾಕಿ ಅವರ ತಲೆ ತಿನ್ನುತ್ತಿದ್ದ. "ಆರರೊಳಗೆ ಆಗುತ್ತದಲ್ಲವೇ?" ಎಂದು ಪ್ರತಿ ಸಲ ಕೇಳಿದರು. ನಾನು ಪ್ರತಿ ಸಲ ನೋಡೋಣ ಎಂದೆ.

ಹನ್ನೆರಡರ ಸುಮಾರಿಗೆ ಮತ್ತೆ ಫೋನ್. ಪರದೆಯ ಮೇಲೆ ವೈನಿಯ ಹೆಸರು. ಮಗಳು ಅವರ ಫೋನಿನಿಂದ ಮಾಡಿರಬೇಕು, ಏನು ಕೇಳಬೇಕಾಗುತ್ತದೋ ಎಂದು ಹೆದರುತ್ತಲೇ ಎತ್ತಿದೆ.

"ತಮ್ಮಾ."

ವೈನಿಯದೇ ದನಿ. ಎಷ್ಟು ಸಣ್ಣ ದನಿಯೆಂದರೆ ಹಿಂದಿನ ಯಂತ್ರಗಳ ಕಿರ್ರ್ ಸದ್ದೇ ಹೆಚ್ಚು ಕೇಳುತ್ತಿತ್ತು. ಮಾತಿನ ನಡುವೆ ಉಸಿರು ತೆಗೆದುಕೊಳ್ಳುತ್ತಿದ್ದರು.

"ಗಾಡಿ... ಘಾಟ್ ಇಳೀತೇನಪಾ?"

ನಾನು ಅವರಿಗೆ ಅದುವರೆಗೆ ಒಂದೂ ಸುಳ್ಳು ಹೇಳಿರಲಿಲ್ಲ. ಹೇಳುವ ಸಂದರ್ಭವೂ ಬಂದಿರಲಿಲ್ಲ. "ಇಳೀತ್ರೀ ವೈನಿ," ಎಂದೆ. "ಆಗ್ಲೇ ಇಳೀತು. ಬರಾಕತ್ತಾರ."

"ಹೌದಾ?" ಎಂದರು. ಸ್ವಲ್ಪ ಹೊತ್ತು ಉಸಿರು ಮಾತ್ರ ಕೇಳಿಸಿತು. "ಚಲೋ ಆತು ಬಿಡು." ನಾ ಕೇಳೀನಂತ ಹೇಳಬ್ಯಾಡ ಎಂಬ ಮಾತು ಈ ಸಲ ಬರಲಿಲ್ಲ.

ಫೋನ್ ಕೆಳಗಿಟ್ಟ ಮೇಲೆ ನನಗೆ ಕುರ್ಚಿಯಲ್ಲಿ ಕೂರಲಾಗಲಿಲ್ಲ. ಹೊರಗೆ ಬಂದು ಯಾರ್ಡಿನ ಕೆಸರಿನಲ್ಲಿ ಸುಮ್ಮನೆ ಎರಡು ಸುತ್ತು ಹಾಕಿದೆ. ನಮ್ಮ ಮೆಕ್ಯಾನಿಕ್ ಒಂದು ಟ್ರೇಲರಿನ ಕೆಳಗೆ ಮಲಗಿ ಬ್ರೇಕ್ ಪೈಪ್ ಬಿಚ್ಚುತ್ತಿದ್ದ. ಅವನಿಗೆ ಭಾರೀ ವಾಹನದ ಲೈಸೆನ್ಸ್ ಇದೆ, ಎಂಟು ವರ್ಷ ಘಾಟ್ ಓಡಿಸಿ ಬಿಟ್ಟವನು. ಅವನ ಕಾಲು ಕಂಡದ್ದೇ ನನಗೆ ಹೊಳೆಯಿತು. ಕೆಳಗಿನಿಂದ ಯಾರೂ ದಾದಾ ಹತ್ತಿರ ಹೋಗಲಾರರು, ಮೇಲಿನಿಂದ ಹೋಗಬಹುದು. ಆದರೆ ಇವನ ಹೆಸರು ಗೇಟ್ ಪಾಸಿನಲ್ಲಿಲ್ಲ. ಇವನನ್ನು ಕೂರಿಸಿದರೆ ಗಾಡಿ ಮೋಲೆಮ್‌ವರೆಗೆ ಇಳಿದೀತು, ಅಲ್ಲಿ ಏಜೆಂಟನ ಚಾಲಕನಿಗೆ ಒಪ್ಪಿಸಿದರೂ ಮಳೆ, ಮಣ್ಣು ಎಲ್ಲ ಸೇರಿ ಆರು ಗಂಟೆಯ ಗೇಟ್ ಸಿಗಲಾರದು. ಹಡಗು ಬಿಟ್ಟಂತೆಯೇ.

ಮಾಲೀಕರಿಗೆ ಫೋನ್ ಮಾಡಿದೆ. ಇದ್ದದ್ದನ್ನು ಇದ್ದ ಹಾಗೆ ಹೇಳಿ, "ಹಡಗದ ಆಶಾ ಬಿಟ್ಟಬಿಡ್ರಿ. ನಾ ದಾದಾನ್ನ ಕರಕೊಂಡ ಬರಾಕ ಹೊಂಟೀನಿ," ಎಂದೆ. ಅಪ್ಪಣೆ ಕೇಳುವ ದನಿಯಲ್ಲಿ ಇರಲಿಲ್ಲ ಅನಿಸುತ್ತದೆ.

ಅವರು ಬೈಯಲಿಲ್ಲ. "ಇದನ್ನ ಒಂಬತ್ತಕ್ಕ ಹೇಳಿದ್ರ ನಾನ ಹೋಗ್ತಿದ್ದೆ," ಎಂದರು. ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು.

ಹನ್ನೆರಡೂವರೆಗೆ ಮೆಕ್ಯಾನಿಕ್‌ನನ್ನು ಕೂರಿಸಿಕೊಂಡು ಪಿಕಪ್‌ನಲ್ಲಿ ಹೊರಟೆ. ಖಾನಾಪುರದಲ್ಲಿ ಮಲಪ್ರಭೆ ಕೆಂಪಗೆ, ಸೇತುವೆಗೆ ತಾಕುವಂತೆ ಹರಿಯುತ್ತಿದ್ದಳು. ಲೋಂಡಾ ದಾಟಿದ ಮೇಲೆ ಹೊಂಡಗಳಲ್ಲಿ ನೀರು ತುಂಬಿ ಯಾವುದು ರಸ್ತೆ, ಯಾವುದು ಕೆರೆ ಗೊತ್ತಾಗುತ್ತಿರಲಿಲ್ಲ. ಮೆಕ್ಯಾನಿಕ್ ಒಮ್ಮೆ, "ಏನಂತ ಹೇಳ್ತೀರಿ ದಾದಾಗ?" ಎಂದು ಕೇಳಿದ. ಗೊತ್ತಿಲ್ಲ ಎಂದೆ. ಅನಮೋಡಕ್ಕೆ ಎರಡು ಕಿಲೋಮೀಟರ್ ಇರುವಾಗಲೇ ಗಾಡಿಗಳ ಸಾಲು ಸಿಕ್ಕಿತು. ಪಿಕಪ್ ಬದಿಗೆ ಹಾಕಿ ನಡೆದೆವು.

ಚೆಕ್‌ಪೋಸ್ಟ್ ಹತ್ತಿರ ಸಿಗ್ನಲ್ ಬಂತು. ಫೋನ್ ಒಂದೇ ಸಮನೆ ನಡುಗಿತು. ಮಗಳ ಐದು ಕರೆ, ಒಂದು ಸಂದೇಶ. ಅವ್ವ ಮೂರೂ ಇಪ್ಪತ್ತಕ್ಕೆ ಹೋದಳು ಎಂದಿತ್ತು. ಬೆಳಿಗ್ಗೆ ದಾದಾ ಚಹಾ ಕುಡಿದ ಅಂಗಡಿ ಅಲ್ಲಿಯೇ ಇತ್ತು. ಅದರ ತಗಡಿನ ಕೆಳಗೆ ನಿಂತು ನಾನು ಅತ್ತೆ. ಮೆಕ್ಯಾನಿಕ್ ಟೋಪಿ ತೆಗೆದು ಕೈಯಲ್ಲಿ ಹಿಡಿದು ಮಳೆಯಲ್ಲಿ ನಿಂತಿದ್ದ. ಅಂಗಡಿಯವ ಏನೂ ಕೇಳದೆ ಎರಡು ಗ್ಲಾಸು ಚಹಾ ಮುಂದಿಟ್ಟ.

ಅಲ್ಲಿಂದ ನಾಲ್ಕು ಕಿಲೋಮೀಟರ್ ಇಳಿಜಾರು. ಸಾಲಾಗಿ ನಿಂತ ಲಾರಿಗಳು. ಬೆಳಗಾವಿಯ ಕೋಸು, ಮೆಣಸಿನಕಾಯಿ ಹೇರಿದ ಗಾಡಿಗಳ ತಾಡಪಾಲಿನಿಂದ ನೀರು ಸುರಿಯುತ್ತಿತ್ತು. ಕ್ಯಾಬಿನ್ನುಗಳಲ್ಲಿ ಚಾಲಕರು ಇಸ್ಪೀಟು ಆಡುತ್ತಿದ್ದರು, ಕೆಲವರು ಅನ್ನಕ್ಕಿಟ್ಟಿದ್ದರು. ಪ್ರತಿ ತಿರುವಿಗೂ ನಾನು ಹೇಳಬೇಕಾದ ಮಾತು ಜೋಡಿಸಿದೆ, ಮುಂದಿನ ತಿರುವಿಗೆ ಮರೆತೆ.

ನಮ್ಮ ಗಾಡಿ ಬಂಡೆಯ ಮಗ್ಗುಲಿಗೆ, ತಿರುವಿಗಿಂತ ಸ್ವಲ್ಪ ಮೇಲೆ ನಿಂತಿತ್ತು. ನಾಲ್ಕೂ ಕಡೆ ಟಾಯರಿಗೆ ಕಲ್ಲು ಕೊಟ್ಟಿದ್ದರು. ಹಿಂದೆ ಸಾಕಷ್ಟು ದೂರದಲ್ಲಿ ಎಲೆ ತುಂಬಿದ ಕೊಂಬೆ ಅಡ್ಡ ಇಟ್ಟಿದ್ದರು. ದಾದಾ ಕ್ಯಾಬಿನ್ನಿನಲ್ಲಿ ಕುಳಿತಿದ್ದರು. ಅಂಗಿಯ ಗುಂಡಿ ಕುತ್ತಿಗೆಯ ತನಕ ಹಾಕಿದ್ದರು, ಹಣೆಗೆ ವಿಭೂತಿ ಹೊಸದಾಗಿ ಹಚ್ಚಿಕೊಂಡಿದ್ದರು. ಪಕ್ಕದ ಸೀಟಿನ ಮೇಲೆ ಕಾಗದಗಳ ಪ್ಲಾಸ್ಟಿಕ್ ಫೈಲು, ಮಡಿಸಿದ ಹಾಸಿಗೆ, ಬುತ್ತಿಯ ಡಬ್ಬಿ. ಹೊರಡುವವರ ಹಾಗೆ ಎಲ್ಲ ಕಟ್ಟಿಟ್ಟಿದ್ದರು.

ನನ್ನನ್ನೂ ನನ್ನ ಹಿಂದೆ ಮೆಕ್ಯಾನಿಕ್‌ನನ್ನೂ ನೋಡಿ ಕೆಳಗಿಳಿದರು. ನಾನು ಬಾಯಿ ತೆರೆದೆ. ಅವರು ಕೈ ಎತ್ತಿ ತಡೆದರು.

"ಮೊದಲ ಸೀಲ್ ನೋಡಿಕೊಳ್ರಿ," ಎಂದರು.

ಮೂವರೂ ಗಾಡಿಯ ಹಿಂದಕ್ಕೆ ಹೋದೆವು. ಫೈಲು ಬಿಚ್ಚಿ ನಂಬರನ್ನು ಒಂದೊಂದೇ ಅಂಕಿಯಾಗಿ ಓದಿದರು. ಮೆಕ್ಯಾನಿಕ್ ಸೀಲಿನ ಮೇಲಿನ ಕೆಸರು ಬೆರಳಿನಿಂದ ಒರೆಸುತ್ತ ಹೂಂ ಹೂಂ ಎಂದ. ಬರಾಬರಿ ಇತ್ತು. ಕಿಲೋಮೀಟರ್ ಎಷ್ಟು, ಡೀಸೆಲ್ ಎಷ್ಟು ಎಂದು ಚೀಟಿಯಲ್ಲಿ ಆಗಲೇ ಬರೆದು ಸಹಿ ಹಾಕಿದ್ದರು. "ಎರಡನೇ ಗೇರಿನ್ಯಾಗ ಹಾಕಬ್ಯಾಡ, ಒಂದರಾಗ ಇಳಸು. ಬಲಗಡೆ ಹಿಂದಿಂದ ಬ್ರೇಕ್ ಒಂದೀಟ ತಡಾ ಹಿಡಿತೈತಿ," ಎಂದು ಮೆಕ್ಯಾನಿಕ್‌ಗೆ ಹೇಳಿದರು. ಆಮೇಲೆ ಕೀಲಿಯನ್ನು ಅವನ ಅಂಗೈಯಲ್ಲಿಟ್ಟು ಬೆರಳು ಮಡಿಸಿದರು.

ನನ್ನ ಕಡೆ ತಿರುಗಿದರು.

"ಈಗ ನಾ ಗಾಡಿ ಹೊಡ್ಯಾಂವಲ್ಲ. ಹೇಳ್ರಿ."

ಅಷ್ಟು ತಿರುವುಗಳಲ್ಲಿ ಜೋಡಿಸಿದ ಮಾತು ಒಂದೂ ಬರಲಿಲ್ಲ. "ವೈನಿ ಹೋದ್ರು ದಾದಾ," ಎಂದೆ.

"ಎಷ್ಟೊತ್ತಿಗೆ?"

"ಮೂರೂ ಇಪ್ಪತ್ತಕ್ಕ."

ತಲೆ ಅಲ್ಲಾಡಿಸಿದರು. ಕ್ಯಾಬಿನ್ನಿನ ಮೆಟ್ಟಿಲಿನ ಮೇಲೆ ಕುಳಿತು, ಚಪ್ಪಲಿ ಬಿಚ್ಚಿ, ಒಳಗೆ ಸೇರಿದ ಹರಳು ಕಲ್ಲು ಜಾಡಿಸಿ ಮತ್ತೆ ಹಾಕಿಕೊಂಡರು. "ನಡೀರಿ," ಎಂದರು. ಏರುವಾಗ ಒಂದು ತಿರುವಿನಲ್ಲಿ ಮಾತ್ರ ಬಂಡೆಗೆ ಕೈ ಊರಿ ನಿಂತು, ಹೆಂಡತಿಯ ಹೆಸರು ಹಿಡಿದು ಎರಡು ಸಲ ಕರೆದು, ಬಿಕ್ಕಿದರು. ಅವರು ಆಕೆಯ ಹೆಸರು ಹಿಡಿದದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಪಿಕಪ್‌ನಲ್ಲಿ ಕುಳಿತ ಮೇಲೆ ನಾನು, "ತಪ್ಪಾತು ದಾದಾ, ಚೆಕ್‌ಪೋಸ್ಟಿನ್ಯಾಗ ಹೇಳಬೇಕಿತ್ತು," ಎಂದೆ.

"ನನಗ ಅವಾಗ ತಿಳದಿತ್ರೀ," ಎಂದರು. ನಾನು ರಸ್ತೆ ಬಿಟ್ಟು ಅವರ ಮುಖ ನೋಡಿದೆ. "ಹನ್ನೊಂದ ವರ್ಷದಾಗ ನೀವು ನನಗ ನಾಷ್ಟಾ ಆತೇನಂತ ಕೇಳೀರೇನು? ಗಾಡಿ ಎಲ್ಲಿ ಬಂತಂತ ಬೈತೀರಿ. ನಾಷ್ಟಾ ಕೇಳಿದ್ಕೂಡ್ಲೆ ಆಕಿದ ಏನೋ ಆಗೇತಿ ಅಂದ್ಕೊಂಡೆ."

"ಮತ್ತ ಯಾಕ ಇಳಿಸಿದ್ರಿ?"

ವೈಪರ್ ಹೋಗಿ ಬರುತ್ತಿತ್ತು. "ನೀವು ಹೇಳ್ಲಿಲ್ಲಲ್ಲ. ಘಾಟ್ ಇಳದ ಹೊಳ್ಳಿ ಬರೂವಷ್ಟ ಟೈಮ್ ಐತಿ, ಅದಕ್ಕ ಸುಮ್ಮನದಾರ ಅಂತ ತಿಳದೆ. ಗುಡ್ಡ ಜರದ ಮ್ಯಾಲ ಗಾಡಿ ಬಿಟ್ಟ ಬರಾಕ ಬರೂದಿಲ್ಲ, ಕೇಳಿ ಏನ ಮಾಡ್ಲಿ," ಎಂದರು. ದೂರು ಇರಲಿಲ್ಲ ದನಿಯಲ್ಲಿ. ನನ್ನನ್ನು ನಂಬಿದ್ದರು, ಅಷ್ಟೇ.

ಮರುದಿನ ಅವರ ಹೊಲದಲ್ಲಿ, ಅವರ ಸಂಪ್ರದಾಯದಂತೆ ವೈನಿಯನ್ನು ಕುಳ್ಳಿರಿಸಿ ಮಣ್ಣು ಕೊಟ್ಟರು. ನಾನೂ ಒಂದು ಹಿಡಿ ಹಾಕಿದೆ. ಮಗಳು ನನ್ನ ಪಕ್ಕ ಬಂದು ನಿಂತು, "ಕಡೀತನಕ ಫೋನ್ ಬಿಡ್ಲಿಲ್ಲ ಕಾಕಾ ಅವ್ವ. ನಿಮ್ಮ ಜೋಡಿ ಮಾತಾಡಿದ ಮ್ಯಾಲೂ ಎದಿ ಮ್ಯಾಲ ಹಿಡಕೊಂಡ ಮಲಗಿದ್ಲು," ಎಂದಳು. ನಾನು ಹೇಳಿದ ಸುಳ್ಳನ್ನು ನಂಬಿ ಗಂಡ ಬರುತ್ತಾರೆಂದು ಕಾದರು ಎಂದು ನನಗೆ ಅರ್ಥವಾಯಿತು. ಹಾಗೆಂದೇ ಒಂದು ತಿಂಗಳು ಅಂದುಕೊಂಡಿದ್ದೆ. ಕಂಟೇನರ್ ಎಂಟು ದಿನ ತಡವಾಗಿ ಮುಂದಿನ ಹಡಗಿಗೆ ಹೋಯಿತು. ಒಂದು ಕಾಗದ ಬರೆದು ಕ್ಷಮೆ ಕೇಳಿದೆವು, ಗಿರಾಕಿ ಒಪ್ಪಿಕೊಂಡ. ಅಷ್ಟು ಸುಲಭವಾಗಿತ್ತು ಅದು.

ದಾದಾ ತಿಂಗಳ ಮೇಲೆ ಕೆಲಸಕ್ಕೆ ಬಂದರು. ಆ ದಿನವೇ ಅವರನ್ನು ಆಫೀಸಿನೊಳಗೆ ಕರೆದು ಕೂರಿಸಿ, ವೈನಿ ನನಗೆ ಮಳೆಗಾಲದಲ್ಲಿ ಫೋನ್ ಮಾಡುತ್ತಿದ್ದದ್ದನ್ನು, ಕೊನೆಯ ದಿನ ಕೇಳಿದ್ದನ್ನು, ನಾನು ಗಾಡಿ ಇಳಿಯಿತೆಂದು ಸುಳ್ಳು ಹೇಳಿದ್ದನ್ನು ಎಲ್ಲ ಹೇಳಿದೆ. "ನನ್ನ ಮಾತ ನಂಬಿ ದಾರಿ ನೋಡಿದ್ರು ದಾದಾ," ಎಂದೆ.

ಅವರು ಮೇಜಿನ ಮೇಲಿನ ಪೇಪರ್‌ವೇಟನ್ನು ಅತ್ತ ಇತ್ತ ಸರಿಸುತ್ತ ಕುಳಿತರು.

"ನಂಬಿರಂಗಿಲ್ರೀ," ಎಂದರು.

"ಯಾಕ?"

"ಘಾಟ್ ಇಳದ ಕೂಡ್ಲೆ ನಾ ಆಕಿಗೆ ಎರಡ ರಿಂಗ್ ಕೊಟ್ಟ ಕಟ್ ಮಾಡ್ತಿದ್ದೆ. ಆಕಿ ಎತ್ತತಿರಲಿಲ್ಲ. ಇಳದೆ ಅಂತ ಗುರ್ತ. ಮಳಿಗಾಲದಾಗ ಗಾಡಿ ತಡಾ ಆಗಿ ರಿಂಗ್ ಬರಲಿಲ್ಲಂದ್ರ ಜೀವ ತಡೀತಿರಲಿಲ್ಲ, ಅವಾಗ ನಿಮಗ ಕೇಳಿರಬೇಕು." ಪೇಪರ್‌ವೇಟ್ ನಿಂತಿತು. "ಅವತ್ತ ಸುಳ್ಳ ಸುಳ್ಳ ಎರಡ ರಿಂಗ್ ಕೊಡಬೇಕಂತ ಮಾಡಿದ್ದೆ. ಆಕಿಗೆ ಸಮಾಧಾನ ಆಗ್ಲಿ ಅಂತ. ಇಪ್ಪತ್ತ ವರ್ಷದಾಗ ಒಮ್ಮೆನೂ ಸುಳ್ಳ ರಿಂಗ್ ಕೊಟ್ಟಿರ್ಲಿಲ್ಲ. ಕೈ ಬರಲಿಲ್ರೀ."

ಆಕೆಗೆ ಗೊತ್ತಿತ್ತು. ಇವರಿಗೂ ಗೊತ್ತಿತ್ತು. ನಾನು ಒಬ್ಬೊಬ್ಬರಿಂದಲೂ ಮುಚ್ಚಿಡುತ್ತಿದ್ದೇನೆ ಎಂದುಕೊಂಡದ್ದು ಇಬ್ಬರಿಗೂ ತಿಳಿದಿತ್ತು, ಇಬ್ಬರೂ ನನ್ನ ಮರ್ಯಾದೆ ಕಾಯ್ದರು. ಚಲೋ ಆತು ಬಿಡು ಎಂದು ವೈನಿ ಅಂದದ್ದು ಗಾಡಿಗಲ್ಲ, ನನಗೆ. ಇಳಿದಿಲ್ಲವೆಂದು ಗೊತ್ತಿದ್ದೂ ಫೋನನ್ನು ಎದೆಯ ಮೇಲೆ ಹಿಡಿದುಕೊಂಡೇ ಹೋದರು. ದಾದಾ ಎದ್ದು ನನ್ನ ಹೆಗಲು ತಟ್ಟಿ, ಗಾಡಿಯ ನೀರು, ಹವಾ ನೋಡಲು ಹೊರಗೆ ಹೋದರು.

ಈಗ ನಮ್ಮ ಯಾರ್ಡಿನಲ್ಲಿ ನಿಯಮ ಬದಲಾಗಿದೆ. ಗಾಡಿ ಎಲ್ಲೇ ನಿಂತಿರಲಿ, ನಿಂತಿದ್ದರೆ ಹೇಳಬೇಕು. ಕೀಲಿ ತೆಗೆಯಿರಿ, ಕೆಳಗಿಳಿಯಿರಿ ಎಂದು ಮೊದಲು ಹೇಳಿ ಆಮೇಲೆ ಸುದ್ದಿ ಹೇಳಬೇಕು. ಹಾಗೆ ಬದಲಿಸಿದವರು ದಾದಾ ಅವರೇ.

ಆಫೀಸಿನಲ್ಲಿ ಆ ಮಾತು ಆದ ಎರಡು ದಿನಕ್ಕೆ ಅವರು ಮತ್ತೆ ಮೊದಲ ಸಲ ಕಂಟೇನರ್ ತೆಗೆದುಕೊಂಡು ಹೋದರು. ಆ ದಿನವೂ ಮಳೆ ಇತ್ತು. ಒಂಬತ್ತರಿಂದಲೇ ನಾನು ಗಡಿಯಾರ ನೋಡುತ್ತಿದ್ದೆ. ಯಾರೂ ಕೇಳುವವರಿಲ್ಲ ಎಂಬುದು ಹೊಸದಾಗಿ ನೆನಪಾಗುತ್ತಿತ್ತು. ಹತ್ತೂ ಐದಕ್ಕೆ ಮೇಜಿನ ಮೇಲಿದ್ದ ನನ್ನ ಫೋನ್ ಹೊಡೆದುಕೊಂಡಿತು. ದಾದಾ ಹೆಸರು. ಎತ್ತಲು ಕೈ ಚಾಚಿದೆ. ಅಷ್ಟರಲ್ಲಿ ಇನ್ನೊಂದು ರಿಂಗ್ ಆಗಿ ನಿಂತುಹೋಯಿತು.